ದೂರ ಪ್ರಯಾಣದಲ್ಲಿ ಆರೋಗ್ಯ ರಕ್ಷಣೆ

ಉದ್ಯೋಗ, ವ್ಯಾಪಾರ ಹಾಗೂ ವಿದ್ಯಾಭ್ಯಾಸದ ನಿಮಿತ್ತ ಕರ್ನಾಟಕವನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅನೇಕ. ಹಬ್ಬ, ಮದುವೆ, ಜಾತ್ರೆ, ಕುಲದೇವರ ದರ್ಶನ, ಹಿರಿಯರ ಯೋಗಕ್ಷೇಮ ಎಂದು ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿಬರುವುದು ಇವರ ಜೀವನಕ್ರಮದ ಒಂದು ಭಾಗವೇ ಆಗಿದೆ. ದೆಹಲಿಯಿಂದ ಬೆಂಗಳೂರಿಗೆ ರೈಲು ದಾರಿ ಸುಮಾರು 2,400 ಕಿಲೋಮೀಟರ್. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೊರಟವರು ಎರಡು ರಾತ್ರಿಗಳನ್ನು ರೈಲಿನಲ್ಲೇ ಕಳೆಯುತ್ತಾರೆ. ಮುಂಬಯಿಯಿಂದ ಉಡುಪಿ, ಮಂಗಳೂರುಗಳಿಗೆ 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಪ್ರಯಾಣ ಸುಗಮವಾಗಿದೆ. ಆದರೂ ರೈಲಿಳಿದ ಬಳಿಕ ಬಸ್ಸು ಹಿಡಿದು ಹಳ್ಳಿ ಸೇರಲು ಮತ್ತೆ ಹಲವು ಗಂಟೆಗಳು ಬೇಕಾಗುವುದುಂಟು.

ಮನೆಯಲ್ಲಿರುವಾಗ ಆರೋಗ್ಯವನ್ನು ಕಾಯುವ ಕೆಲಸದ ಬಹುಭಾಗವನ್ನು ರೂಢಿಯೇ ಮಾಡುತ್ತದೆ. ನೀರು ಕುದಿಸಿ ಆರಿಸಿಟ್ಟಿರುತ್ತದೆ. ಊಟ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತದೆ. ಔಷಧದ ಡಬ್ಬಿ ಕಣ್ಣೆದುರಿಗೇ ಇರುತ್ತದೆ. ಪರಿಚಿತ ವೈದ್ಯರು ಹತ್ತಿರದಲ್ಲಿರುತ್ತಾರೆ. ಪ್ರಯಾಣ ಹೊರಟ ಕ್ಷಣದಿಂದ ಈ ರೂಢಿಯ ಆಸರೆ ತಪ್ಪುತ್ತದೆ. ಶಾಲೆಗಳ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬರುವುದರಿಂದ ಚಿಕ್ಕ ಮಕ್ಕಳೊಂದಿಗಿನ ಪ್ರಯಾಣ ಬೇಸಿಗೆಯ ಉರಿಯಲ್ಲೇ ನಡೆಯುತ್ತದೆ. ಹೀಗಾಗಿ ಮನೆಯಲ್ಲಿ ತಾನಾಗಿ ನಡೆಯುತ್ತಿದ್ದ ರಕ್ಷಣೆಯನ್ನು ಪ್ರಯಾಣಿಕನು ಬುದ್ಧಿಪೂರ್ವಕವಾಗಿ ಏರ್ಪಡಿಸಿಕೊಳ್ಳಬೇಕಾಗುತ್ತದೆ. ಈ ಏರ್ಪಾಡು ಹೊರಡುವುದಕ್ಕೆ ಮುಂಚೆಯೇ ಆರಂಭವಾಗಬೇಕು. ಮರಳಿ ಮನೆ ಸೇರಿದ ಮೇಲೂ ಕೆಲವು ವಾರಗಳವರೆಗೆ ಮುಂದುವರಿಯಬೇಕು.

ಹೊರಡುವ ಮುನ್ನ

ಮಧುಮೇಹ, ರಕ್ತದ ಒತ್ತಡ, ಹೃದ್ರೋಗ, ಉಬ್ಬಸ, ಅಪಸ್ಮಾರ ಮುಂತಾದ ದೀರ್ಘಕಾಲದ ಕಾಯಿಲೆಗಳಿಗೆ ನಿತ್ಯ ಔಷಧ ಸೇವಿಸುವವರು ಪ್ರವಾಸದ ದಿನಗಳಿಗೆ ಸಾಲುವಷ್ಟು ಔಷಧದ ಜೊತೆಗೆ ಇನ್ನೊಂದು ವಾರಕ್ಕಾಗುವಷ್ಟನ್ನು ಹೆಚ್ಚಾಗಿ ಇಟ್ಟುಕೊಳ್ಳಬೇಕು. ಮದುವೆ ಮನೆಯಲ್ಲಿ ಎರಡು ದಿನ ಹೆಚ್ಚು ನಿಲ್ಲಬೇಕಾಗಬಹುದು. ಮರಳುವ ಟಿಕೆಟು ದೊರೆಯದೆ ಹೋಗಬಹುದು. ಔಷಧಗಳನ್ನು ಆಸನದ ಕೆಳಗೆ ತಳ್ಳುವ ದೊಡ್ಡ ಪೆಟ್ಟಿಗೆಯಲ್ಲಿಡದೆ, ಸದಾ ಕೈಯಲ್ಲಿರುವ ಚಿಕ್ಕ ಚೀಲದಲ್ಲಿ ಇಡುವುದು ಕ್ಷೇಮ. ವೈದ್ಯರ ಚೀಟಿಯ ಒಂದು ಪ್ರತಿಯೂ ಅದರೊಡನೆ ಇರಬೇಕು. ಮಾತ್ರೆಗಳ ಮಾರಾಟದ ಹೆಸರು ಊರಿಂದೂರಿಗೆ ಬೇರೆಯಾಗಬಹುದು. ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೂ ಪ್ರಮಾಣವನ್ನೂ ಸ್ಪಷ್ಟವಾಗಿ ಬರೆಸಿಕೊಂಡಿದ್ದರೆ ಯಾವ ಊರಿನ ವೈದ್ಯರಿಗಾದರೂ ಅದು ಅರ್ಥವಾಗುತ್ತದೆ.

ಇನ್ಸುಲಿನ್ ಬಳಸುವವರು ವಿಶೇಷ ಎಚ್ಚರಿಕೆ ವಹಿಸಬೇಕು. ಅತಿ ಶಾಖದಿಂದ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ. ಹೆಪ್ಪುಗಟ್ಟಿದರೆ ಸಂಪೂರ್ಣವಾಗಿ ಕೆಡುತ್ತದೆ. ಆದುದರಿಂದ ಅದನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಅಥವಾ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ಮಂಜುಗಡ್ಡೆಗೆ ನೇರವಾಗಿ ತಾಗಿಸಿಯೂ ಇಡಬಾರದು. ವಿಮಾನದಲ್ಲಿ ಹೋಗುವವರು ಇನ್ಸುಲಿನ್ನನ್ನು ಕೈಚೀಲದಲ್ಲೇ ಒಯ್ಯಬೇಕು. ರೈಲು ತಡವಾಗಿ ಊಟ ಬರದಿರುವ ಸಂದರ್ಭಗಳು ಸಾಮಾನ್ಯ. ಊಟಕ್ಕೆ ಮುನ್ನ ಇನ್ಸುಲಿನ್ ಚುಚ್ಚಿಕೊಳ್ಳುವ ರೂಢಿಯುಳ್ಳವರು ಊಟ ಕೈಗೆ ಬಂದ ಮೇಲೆಯೇ ಅದನ್ನು ಚುಚ್ಚಿಕೊಳ್ಳಬೇಕು. ಬೆವರು, ನಡುಕ, ವಿಪರೀತ ಹಸಿವು, ಮಂಕು ಕಾಣಿಸಿಕೊಂಡರೆ ರಕ್ತದಲ್ಲಿ ಸಕ್ಕರೆ ಕುಸಿಯುತ್ತಿದೆ ಎಂದು ತಿಳಿದು ಕೂಡಲೇ ಸಕ್ಕರೆ, ಗ್ಲೂಕೋಸ್ ಅಥವಾ ಬೆಲ್ಲವನ್ನು ತಿನ್ನಬೇಕು. ಇವುಗಳ ಒಂದು ಪೊಟ್ಟಣ ಜೇಬಿನಲ್ಲಿಯೇ ಇರಲಿ.

ಗರ್ಭಿಣಿಯರು ಹೊರಡುವ ಮುನ್ನ ವೈದ್ಯರ ಸಲಹೆ ಪಡೆಯುವುದು ಅವಶ್ಯ. ತಾಯಿ ಕಾರ್ಡನ್ನು ಮರೆಯದೆ ಜೊತೆಗಿಟ್ಟುಕೊಳ್ಳಬೇಕು. ಮಕ್ಕಳ ಲಸಿಕೆಯ ಸರದಿ ಪ್ರವಾಸದ ದಿನಗಳಲ್ಲಿಯೇ ಬರುವುದಾದರೆ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕಿಸಲು ಅನುಕೂಲವಾಗುವಂತೆ ಲಸಿಕಾ ಕಾರ್ಡನ್ನೂ ಒಯ್ಯಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ಫಲಾನುಭವಿಗಳು ತಮ್ಮ ರಾಜ್ಯದ ಹೊರಗೂ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಒಳರೋಗಿ ಚಿಕಿತ್ಸೆ ಪಡೆಯಬಹುದಾಗಿದೆ. ಕಾರ್ಡನ್ನು ಮನೆಯ ಕಪಾಟಿನಲ್ಲಿ ಬಿಟ್ಟುಹೋದರೆ ಅಗತ್ಯದ ವೇಳೆ ಪರದಾಡಬೇಕಾದೀತು.

ಪ್ರಯಾಣದ ಔಷಧ ಚೀಲದಲ್ಲಿ ಈ ವಸ್ತುಗಳಿದ್ದರೆ ಸಾಕು: ಓ.ಆರ್.ಎಸ್. ಪೊಟ್ಟಣಗಳು ನಾಲ್ಕಾರು, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ, ಮಕ್ಕಳಿದ್ದರೆ ಅದರ ದ್ರವರೂಪದ ಔಷಧ, ಉಷ್ಣತಾಮಾಪಕ, ಗಾಯಕ್ಕೆ ಹತ್ತಿ, ಬಟ್ಟೆಪಟ್ಟಿ ಮತ್ತು ನಂಜುನಿವಾರಕ ಮುಲಾಮು, ಸಾಬೂನು, ನೀರು ಶುದ್ಧೀಕರಿಸುವ ಕ್ಲೋರಿನ್ ಗುಳಿಗೆಗಳು, ಸೊಳ್ಳೆ ನಿವಾರಕ ಲೇಪ.

ಕುಡಿಯುವ ನೀರು

ಕಾಲರಾ, ವಿಷಮಶೀತಜ್ವರ, ಆಮಶಂಕೆ ಹಾಗೂ ಒಂದು ಬಗೆಯ ಕಾಮಾಲೆಗಳು ಮಲಿನವಾದ ನೀರು ಮತ್ತು ಆಹಾರದಿಂದ ಹರಡುತ್ತವೆ. ನೀರಿನಿಂದ ಬರುವ ಕಾಮಾಲೆಯು ಗರ್ಭಿಣಿಯರಿಗೆ ಪ್ರಾಣಾಪಾಯವನ್ನು ತರಬಲ್ಲದು. ನೀರು ತಿಳಿಯಾಗಿ ಕಾಣುವುದು ಅದರ ಶುದ್ಧತೆಗೆ ಪ್ರಮಾಣವಲ್ಲ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ.

ಮನೆಯಿಂದ ಹೊರಡುವಾಗ ಕುದಿಸಿ ಆರಿಸಿದ ನೀರನ್ನು ಮುಚ್ಚಳವಿರುವ ಪಾತ್ರೆಗಳಲ್ಲಿ ತುಂಬಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ನೀರು ಕುದಿಬಂದು ಮೇಲೆ ಗುಳ್ಳೆಗಳು ಉಕ್ಕತೊಡಗಿದ ಬಳಿಕ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ನಾಶವಾಗುತ್ತವೆ. ಕುದಿಸಲು ಅನುಕೂಲವಿಲ್ಲದೆಡೆ ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲಿನ ಸೂಚನೆಯಂತೆ ಹಾಕಿ ಅರ್ಧ ಗಂಟೆ ಕಾಯಬೇಕು. ನೀರು ಕದಡಿದ್ದರೆ ಮೊದಲು ಸ್ವಚ್ಛ ಬಟ್ಟೆಯಲ್ಲಿ ಸೋಸಬೇಕು. ಕೆಸರಿದ್ದಲ್ಲಿ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ. ಬಾಟಲಿಯ ನೀರನ್ನು ಕೊಳ್ಳುವಾಗ ಮುಚ್ಚಳದ ಮುದ್ರೆ ಮುರಿಯದಿರುವುದನ್ನೂ, ತಯಾರಿಕೆಯ ದಿನಾಂಕವನ್ನೂ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ಗಮನಿಸಬೇಕು. ಖಾಲಿ ಬಾಟಲಿಯನ್ನು ಜಜ್ಜಿ ಎಸೆದರೆ ಅದಕ್ಕೆ ಮತ್ತೆ ಕೊಳಾಯಿ ನೀರು ತುಂಬಿ ಮಾರುವುದಕ್ಕೆ ಅವಕಾಶವಿರುವುದಿಲ್ಲ.

ಮಂಜುಗಡ್ಡೆಯ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಕಬ್ಬಿನ ಹಾಲು, ಹಣ್ಣಿನ ರಸ, ಮಜ್ಜಿಗೆಗಳು ತಾವಾಗಿ ನಿರಪಾಯವಾಗಿದ್ದರೂ ಅವುಗಳಿಗೆ ಬೆರೆಸಿದ ನೀರು ಹಾಗೂ ಮಂಜುಗಡ್ಡೆಗಳ ಮೂಲ ಗೊತ್ತಿರುವುದಿಲ್ಲ. ತಂಪಿನಿಂದ ರೋಗಾಣುಗಳು ಸಾಯುವುದಿಲ್ಲ. ಮಂಜುಗಡ್ಡೆ ಕರಗಿದೊಡನೆ ಅವು ಮತ್ತೆ ಚುರುಕಾಗುತ್ತವೆ. ಎದುರಿನಲ್ಲೇ ಕೆತ್ತಿಸಿ ಕುಡಿಯುವ ಎಳನೀರು ಮತ್ತು ಹಬೆಯಾಡುವ ಬಿಸಿ ಚಹಾ ಇವುಗಳಿಗಿಂತ ಸುರಕ್ಷಿತ.

ಶೌಚಾಲಯಕ್ಕೆ ಹೋಗುವ ಮುಜುಗರದಿಂದ ಪ್ರಯಾಣದಲ್ಲಿ ನೀರನ್ನೇ ಕುಡಿಯದಿರುವ ಅಭ್ಯಾಸ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇದು ಹಾನಿಕರ. ನೀರು ಕಡಿಮೆಯಾಗಿ, ಮೂತ್ರವನ್ನು ಬಹುಹೊತ್ತು ತಡೆದಿಟ್ಟಾಗ ಮೂತ್ರನಾಳದ ಸೋಂಕಿಗೆ ಅವಕಾಶವಾಗುತ್ತದೆ. ಮೂತ್ರವು ಕಡು ಹಳದಿ ಬಣ್ಣಕ್ಕೆ ತಿರುಗಿದರೆ ದೇಹಕ್ಕೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು.

ಬುತ್ತಿಯ ವಿವೇಕ

ಪ್ರಯಾಣಕ್ಕೆ ಬುತ್ತಿ ಕಟ್ಟುವ ನಮ್ಮ ನಾಡಿನ ಪದ್ಧತಿಯಲ್ಲಿ ಅನುಭವದ ವಿವೇಕ ಅಡಗಿದೆ. ಉತ್ತರ ಕರ್ನಾಟಕದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ಚಕ್ಕುಲಿ, ಕೋಡುಬಳೆ ಇವೆಲ್ಲ ನೀರಿನಂಶ ಅತಿ ಕಡಿಮೆಯಿರುವ ತಿಂಡಿಗಳು. ತೇವವಿಲ್ಲದೆಡೆ ರೋಗಾಣುಗಳು ಬೆಳೆಯಲಾರವು. ಹುಳಿ ಮತ್ತು ಎಣ್ಣೆ ಚೆನ್ನಾಗಿ ಹಿಡಿದ ಪುಳಿಯೋಗರೆಯು ಬಿಳಿಯ ಅನ್ನಕ್ಕಿಂತ ಹೆಚ್ಚು ಹೊತ್ತು ಕೆಡದೆ ಉಳಿಯುವುದಕ್ಕೆ ಹುಣಿಸೆಯ ಹುಳಿಯೇ ಕಾರಣ.

ತೆಂಗಿನಕಾಯಿ ಹಾಕಿದ ಹಸಿ ಚಟ್ನಿ, ಪಲ್ಯ, ಸಾರು, ಹಾಲಿನ ಸಿಹಿತಿಂಡಿ ಇವುಗಳು ಬೇಸಿಗೆಯಲ್ಲಿ ಬಹುಬೇಗ ಹಳಸುತ್ತವೆ. ಅನ್ನದ ವಿಷಯದಲ್ಲಿಯೂ ಜಾಗರೂಕತೆ ಬೇಕು. ಅಕ್ಕಿಯಲ್ಲಿ ಸಹಜವಾಗಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೇಯುವಾಗ ಸಾಯುವುದಿಲ್ಲ. ಅನ್ನವನ್ನು ಬಿಸಿಯಿರುವಾಗಲೇ ಡಬ್ಬಿಯಲ್ಲಿ ಒತ್ತಿ ಮುಚ್ಚಿ ಗಂಟೆಗಟ್ಟಲೆ ಬಿಟ್ಟರೆ ಅವು ಮೊಳೆತು ವಿಷವಸ್ತುವನ್ನು ಉತ್ಪಾದಿಸುತ್ತವೆ. ಆಮೇಲೆ ಅನ್ನವನ್ನು ಮತ್ತೆ ಬಿಸಿಮಾಡಿದರೂ ಆ ವಿಷ ನಾಶವಾಗುವುದಿಲ್ಲ. ಆದುದರಿಂದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಡಬ್ಬಿಗೆ ತುಂಬಬೇಕು. ಮೊಸರನ್ನ, ಚಿತ್ರಾನ್ನಗಳನ್ನು ಮೊದಲ ಊಟಕ್ಕೇ ಮುಗಿಸಿ, ಒಣ ತಿಂಡಿಗಳನ್ನು ಮರುದಿನಕ್ಕೆ ಉಳಿಸಿಕೊಳ್ಳಬೇಕು.

ಹೊರಗೆ ಕೊಂಡು ತಿನ್ನುವಾಗ, ಕಣ್ಣೆದುರಿಗೆ ಬೇಯಿಸಿ ಬಿಸಿಬಿಸಿಯಾಗಿ ಕೊಡುವ ಇಡ್ಲಿ, ದೋಸೆಗಳನ್ನು ಆರಿಸಿಕೊಳ್ಳುವುದು ಮೇಲು. ಹೆಚ್ಚಿಟ್ಟ ಹಣ್ಣಿಗಿಂತ ಸಿಪ್ಪೆ ಸುಲಿದು ತಿನ್ನಬಹುದಾದ ಬಾಳೆಹಣ್ಣು, ಕಿತ್ತಳೆಗಳು ಉತ್ತಮ. ಊಟಕ್ಕೆ ಮುನ್ನ ಮತ್ತು ಶೌಚದ ಬಳಿಕ ಸಾಬೂನಿನಿಂದ ಕೈ ತೊಳೆಯದಿದ್ದರೆ ಉಳಿದೆಲ್ಲ ಎಚ್ಚರಿಕೆಯೂ ವ್ಯರ್ಥವಾಗುತ್ತದೆ. ಆರು ತಿಂಗಳ ಒಳಗಿನ ಶಿಶುವಿಗೆ ಬಿಸಿಲಿನಲ್ಲಿಯೂ ತಾಯಿಯ ಹಾಲೊಂದೇ ಸಾಕು. ಬೇರೆ ನೀರು ಕುಡಿಸುವ ಅಗತ್ಯವಿಲ್ಲ. ಹಾಲಿನ ಬಾಟಲಿಯನ್ನು ಪ್ರಯಾಣದಲ್ಲಿ ಶುಚಿಯಾಗಿಡುವುದು ಬಲು ಕಷ್ಟ.

ವಾಂತಿಭೇದಿಯಾದಾಗ

ಎಷ್ಟು ಎಚ್ಚರಿಕೆಯಿಂದಿದ್ದರೂ ಒಮ್ಮೊಮ್ಮೆ ಭೇದಿ ಆರಂಭವಾಗಬಹುದು. ಭೇದಿಯಲ್ಲಿ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ದೇಹದಿಂದ ನೀರು ಮತ್ತು ಲವಣಗಳು ಹರಿದುಹೋಗುವುದು. ಚಿಕ್ಕ ಮಗುವಿನ ಶರೀರದಲ್ಲಿ ಈ ನಷ್ಟ ಕೆಲವೇ ಗಂಟೆಗಳಲ್ಲಿ ಅಪಾಯದ ಮಟ್ಟ ಮುಟ್ಟುತ್ತದೆ. ಮುಂದಿನ ದೊಡ್ಡ ನಿಲ್ದಾಣಕ್ಕೆ ಇನ್ನೂ ಹಲವು ಗಂಟೆಗಳಿರುವಾಗ ಆ ಮಗುವಿನ ಜೀವ ತಾಯಿತಂದೆಯರ ಕೈಯಲ್ಲಿರುವ ಒಂದು ಪೊಟ್ಟಣವನ್ನು ಅವಲಂಬಿಸಿರಬಹುದು.

ಆ ಪೊಟ್ಟಣದ ಹಿಂದೆ ಭಾರತೀಯ ವೈದ್ಯರೊಬ್ಬರ ದೊಡ್ಡ ಸಾಧನೆಯಿದೆ. 1971ರಲ್ಲಿ ಬಾಂಗ್ಲಾದೇಶ ವಿಮೋಚನಾ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡಬೇಕಾದ ಲವಣದ್ರವದ ದಾಸ್ತಾನು ತೀರುತ್ತಾ ಬಂತು. ಆಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಅಡುಗೆ ಸೋಡ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳಿಗೆ ಬಾಯಿಯ ಮೂಲಕವೇ ಕುಡಿಸುವ ಏರ್ಪಾಡು ಮಾಡಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಭೇದಿಯಾಗುತ್ತಿರುವಾಗಲೂ ಕರುಳು ಗ್ಲೂಕೋಸಿನೊಡನೆ ಉಪ್ಪನ್ನೂ, ಅವುಗಳ ಹಿಂದೆಯೇ ನೀರನ್ನೂ ಹೀರಿಕೊಳ್ಳಬಲ್ಲದು ಎಂಬುದೇ ಈ ಚಿಕಿತ್ಸೆಯ ತಳಹದಿ. ಕೇವಲ ನೀರನ್ನು ಕುಡಿಸಿದರೆ ಲವಣದ ನಷ್ಟ ತುಂಬುವುದಿಲ್ಲ.

ಪೊಟ್ಟಣದ ಮೇಲೆ ಹೇಳಿರುವಷ್ಟೇ ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಬೇಕು. ಒಂದು ಲೀಟರಿನ ಪೊಟ್ಟಣವೂ 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ದೊರೆಯುವುದರಿಂದ ಅಳತೆಯನ್ನು ಓದಿಕೊಳ್ಳುವುದು ಅವಶ್ಯ. ನೀರು ಕಡಿಮೆಯಾದರೆ ಲವಣ ಹೆಚ್ಚಿ ಮಗುವಿಗೆ ಕೆಡುಕಾಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಬಳಿಕ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಬೇಕೆನಿಸಿದಷ್ಟು ಕೊಡಬಹುದು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಕುಡಿಸಬೇಕು. ಕಲಸಿದ ದ್ರಾವಣವನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು. ತಾಯಿಯ ಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬಾರದು.

ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಬೆರೆಸಿ ತಾತ್ಕಾಲಿಕವಾಗಿ ಬಳಸಬಹುದು. ಚಮಚವನ್ನು ಗೋಪುರದಂತೆ ತುಂಬದೆ ಮಟ್ಟಸವಾಗಿ ಅಳೆಯಬೇಕು. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓ.ಆರ್.ಎಸ್.ಗೆ ಬದಲಿಯಾಗಲಾರವು, ಅವುಗಳಲ್ಲಿನ ಅತಿಯಾದ ಸಕ್ಕರೆಯಿಂದ ಭೇದಿ ಹೆಚ್ಚಬಹುದು. ನಿಗದಿತ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳನ್ನು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಮಾನದಂಡ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಕಣ್ಣು ಗುಳಿಬೀಳುವುದು, ಬಾಯಿ ಒಣಗುವುದು, ಅತ್ತರೆ ಕಣ್ಣೀರು ಬಾರದಿರುವುದು, ಆರು ಗಂಟೆಗಳಿಂದ ಮೂತ್ರವಾಗದಿರುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿಯುವುದು, ಮಗು ಜೋಲುಬೀಳುವುದು, ಮಲದಲ್ಲಿ ರಕ್ತ ಕಾಣುವುದು ಇವು ಅಪಾಯದ ಲಕ್ಷಣಗಳು. ಇವುಗಳಲ್ಲಿ ಯಾವುದೊಂದು ಕಂಡರೂ ಪ್ರಯಾಣವನ್ನು ಮುಂದುವರಿಸದೆ ಆಸ್ಪತ್ರೆಗೆ ಹೋಗಬೇಕು. ಮೀಸಲು ಟಿಕೆಟಿನ ಹಣ ನಷ್ಟವಾದೀತೆಂಬ ಯೋಚನೆ ಇಲ್ಲಿ ಅಡ್ಡಬರಬಾರದು. ಭೇದಿ ನಿಲ್ಲಿಸುವ ಮಾತ್ರೆಗಳನ್ನು ಮಕ್ಕಳಿಗೆ ಕೊಡಕೂಡದು.

ಬಿಸಿಲಿನ ಬೇಗೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಭಾರತ, ದಖ್ಖನ್ ಪ್ರಸ್ಥಭೂಮಿ ಹಾಗೂ ಕಲಬುರಗಿ, ರಾಯಚೂರು ಪ್ರದೇಶಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವಲ್ಲ. ಸಾಮಾನ್ಯ ದರ್ಜೆಯ ಬೋಗಿಯ ಇಕ್ಕಟ್ಟಿನಲ್ಲಿ ಶರೀರಕ್ಕೆ ಇನ್ನಷ್ಟು ಶ್ರಮವಾಗುತ್ತದೆ. ಸಡಿಲವಾದ, ತಿಳಿ ಬಣ್ಣದ ಹತ್ತಿ ಬಟ್ಟೆ ಧರಿಸುವುದು, ಬಾಯಾರಿಕೆಯಾಗುವವರೆಗೆ ಕಾಯದೆ ಆಗಾಗ ನೀರು ಗುಟುಕರಿಸುವುದು, ಬಸ್ಸಿನ ಪ್ರಯಾಣವನ್ನು ಬೆಳಗಿನ ಜಾವ ಅಥವಾ ಸಂಜೆಗೆ ಇಟ್ಟುಕೊಳ್ಳುವುದು ಹಿತಕರ. ಮುಚ್ಚಿದ ಕಾರಿನೊಳಗೆ ಮಗುವನ್ನು ಕೆಲವೇ ನಿಮಿಷಗಳಿಗಾದರೂ ಬಿಟ್ಟುಹೋಗಬಾರದು.

ತಲೆಸುತ್ತು, ತಲೆನೋವು, ವಾಕರಿಕೆ, ಸ್ನಾಯುಸೆಳೆತಗಳು ಬಿಸಿಲಿನ ಬಳಲಿಕೆಯ ಚಿಹ್ನೆಗಳು. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಓ.ಆರ್.ಎಸ್. ಅಥವಾ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಸಿದರೆ ಚೇತರಿಕೆ ಕಾಣುತ್ತದೆ. ಆದರೆ ಮೈ ಕೆಂಡದಂತೆ ಸುಡುತ್ತಿದ್ದು, ವ್ಯಕ್ತಿ ಅಸಂಬದ್ಧವಾಗಿ ಮಾತನಾಡುತ್ತಿದ್ದರೆ ಅಥವಾ ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಇದು ಜೀವಾಪಾಯದ ಸ್ಥಿತಿ. ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಕುತ್ತಿಗೆ, ಕಂಕುಳು, ತೊಡೆಯ ಸಂದುಗಳಲ್ಲಿ ತಣ್ಣೀರಿನ ಬಟ್ಟೆ ಇಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯಿಂದ ಈ ತಾಪ ಇಳಿಯುವುದಿಲ್ಲ.

ಬಹುಹೊತ್ತು ಕುಳಿತಿರುವಾಗ

ನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಕಾಲು ಮಡಿಸಿ ಒಂದೇ ಕಡೆ ಕುಳಿತಿದ್ದಾಗ ಕಾಲಿನ ಒಳರಕ್ತನಾಳಗಳಲ್ಲಿ ರಕ್ತದ ಚಲನೆ ಮಂದವಾಗುತ್ತದೆ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಸರಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು, ಸ್ಥೂಲಕಾಯರು, ವೃದ್ಧರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಹೆಚ್ಚು ಜಾಗರೂಕರಾಗಿರಬೇಕು. ಗಂಟೆಗೊಮ್ಮೆಯಾದರೂ ಎದ್ದು ಬೋಗಿಯೊಳಗೆ ನಡೆದಾಡುವುದು, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು ಸರಳ ಉಪಾಯಗಳು. ಒಂದೇ ಕಾಲು ಊದಿ ನೋಯತೊಡಗಿದರೆ, ಇಲ್ಲವೆ ಹಠಾತ್ತಾಗಿ ಉಸಿರುಕಟ್ಟಿ ಎದೆ ನೊಂದರೆ ಒಡನೆಯೇ ವೈದ್ಯರನ್ನು ಕಾಣಬೇಕು.

ಶಿರಾಡಿ, ಚಾರ್ಮಾಡಿ, ಆಗುಂಬೆಗಳಂಥ ಘಟ್ಟದ ತಿರುವುಗಳಲ್ಲಿ ಬಸ್ಸಿನ ಮುಂಭಾಗದಲ್ಲಿ ಕುಳಿತು ದೂರದ ರಸ್ತೆಯ ಮೇಲೆ ದೃಷ್ಟಿಯಿಟ್ಟರೆ ವಾಕರಿಕೆ ಕಡಿಮೆಯಾಗುತ್ತದೆ. ಓದುವುದು, ಮೊಬೈಲ್ ನೋಡುವುದು ಅದನ್ನು ಹೆಚ್ಚಿಸುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ವಾಂತಿ ಆರಂಭವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ.

ಊರು ಸೇರಿದ ಮೇಲೆ

ನಗರದಲ್ಲಿ ಬೆಳೆದ ಮಕ್ಕಳಿಗೆ ಅಜ್ಜಿಯ ಊರಿನ ತೋಟ, ಗದ್ದೆ, ಕಾಡುಗಳು ಸಂಭ್ರಮದ ತಾಣಗಳು. ಅಲ್ಲಿಯ ಅಪಾಯಗಳು ಮಾತ್ರ ಅವರಿಗೆ ಅಪರಿಚಿತ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲಿಗೆ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನ ಕೆಲವು ಭಾಗಗಳಲ್ಲಿ ಬೇಸಿಗೆ ಮುಗಿಯುವವರೆಗೆ ಕಾಣಿಸಿಕೊಳ್ಳುತ್ತದೆ. ಕಾಡಿನ ಉಣುಗು ಕಚ್ಚುವುದರಿಂದ ಈ ರೋಗ ಬರುತ್ತದೆ. ಮಂಗಗಳು ಸತ್ತಿರುವ ಸುದ್ದಿಯಿರುವ ಕಾಡಿಗೆ ಹೋಗಬಾರದು. ಹೋಗಲೇಬೇಕಾದವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಕಾರ್ಯಕರ್ತರು ನೀಡುವ ಉಣುಗು ನಿವಾರಕ ತೈಲವನ್ನು ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು.

ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬಾರದು. ಹುಚ್ಚುನಾಯಿ ರೋಗದ ಲಕ್ಷಣಗಳು ತೋರಿದ ಮೇಲೆ ರೋಗಿಯನ್ನು ಉಳಿಸುವ ಚಿಕಿತ್ಸೆಯಿಲ್ಲ; ಕಚ್ಚಿದ ಕೂಡಲೇ ಆರಂಭಿಸಿದ ಲಸಿಕೆಯೇ ರಕ್ಷಣೆ. ಊರಿನಲ್ಲಿ ಒಂದೆರಡು ಚುಚ್ಚುಮದ್ದು ಪಡೆದವರು ನಗರಕ್ಕೆ ಮರಳಿದ ಮೇಲೆ ಉಳಿದವನ್ನು ಮರೆಯುವ ಸಂಭವವುಂಟು. ಆದುದರಿಂದ ಲಸಿಕೆಯ ಚೀಟಿಯನ್ನು ಜೋಪಾನವಾಗಿಟ್ಟು, ಸೂಚಿಸಿದ ದಿನಾಂಕಗಳಲ್ಲಿ ಉಳಿದ ಚುಚ್ಚುಮದ್ದುಗಳನ್ನು ಪೂರ್ಣಗೊಳಿಸಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ರಕ್ತ ಹೀರುವುದು ಸರ್ವಥಾ ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದಂತೆ ಇರಿಸಿ, ವ್ಯಕ್ತಿಯನ್ನು ನಡೆಸದೆ ಆಸ್ಪತ್ರೆಗೆ ಸಾಗಿಸಬೇಕು.

ದಾರಿಯಲ್ಲಿ ನೆರವು

ರೈಲಿನಲ್ಲಿ ಅಸ್ವಸ್ಥರಾದವರು 139 ಸಂಖ್ಯೆಗೆ ಕರೆ ಮಾಡಿ ವೈದ್ಯಕೀಯ ನೆರವನ್ನು ಕೋರಬಹುದು. ರೈಲಿನ ಸಂಖ್ಯೆ, ಬೋಗಿ, ಆಸನದ ಸಂಖ್ಯೆ ಮತ್ತು ಮುಂದಿನ ನಿಲ್ದಾಣಗಳನ್ನು ಹೇಳಿದರೆ ನೆರವು ಬೇಗ ತಲಪುತ್ತದೆ. ಟಿಕೆಟ್ ಪರೀಕ್ಷಕರಿಗೂ ವಿಷಯ ತಿಳಿಸಬೇಕು. ಯಾವುದೇ ತುರ್ತು ಸಂದರ್ಭಕ್ಕೆ ದೇಶದಾದ್ಯಂತ 112, ಆಂಬುಲೆನ್ಸ್‌ಗಾಗಿ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಮತ್ತು ತೆಲಂಗಾಣಗಳಲ್ಲಿ 108 ಸಂಖ್ಯೆಗಳಿವೆ. ಇವುಗಳನ್ನು ಒಂದು ಕಾಗದದಲ್ಲಿ ಬರೆದು ಮಕ್ಕಳಿಗೂ ವೃದ್ಧರಿಗೂ ಕೊಟ್ಟಿರುವುದು ಒಳ್ಳೆಯದು. ಮೊಬೈಲಿನ ವಿದ್ಯುತ್ ತೀರಿದಾಗ ಅದೇ ಆಸರೆಯಾಗುತ್ತದೆ.

ಮರಳಿದ ಬಳಿಕ ಬರುವ ಜ್ವರ

ಮನೆ ಸೇರಿ ಪೆಟ್ಟಿಗೆ ಬಿಚ್ಚಿದೊಡನೆ ಪ್ರಯಾಣದ ಪ್ರಭಾವ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ರೋಗಾಣು ಶರೀರವನ್ನು ಸೇರಿದ ದಿನಕ್ಕೂ ಜ್ವರ ಕಾಣಿಸಿಕೊಳ್ಳುವ ದಿನಕ್ಕೂ ಅಂತರವಿರುತ್ತದೆ. ಡೆಂಗಿ ಜ್ವರ ಸಾಮಾನ್ಯವಾಗಿ ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಬರುತ್ತದೆ. ಮಲೇರಿಯಾಕ್ಕೆ ಒಂದೆರಡು ವಾರಗಳು ಬೇಕು. ಅದರ ಒಂದು ಬಗೆಯು ತಿಂಗಳುಗಳ ಬಳಿಕವೂ ಮರುಕಳಿಸಬಹುದು. ವಿಷಮಶೀತಜ್ವರವೂ ಒಂದೆರಡು ವಾರಗಳ ಅನಂತರವೇ ತಲೆಯೆತ್ತುತ್ತದೆ.

ಸೊಳ್ಳೆಯೇ ಮಲೇರಿಯಾದ ವಾಹಕ ಎಂಬ ಸಂಗತಿಗೆ ಆಧಾರ ದೊರೆತುದು ಹೈದರಾಬಾದಿನ ಪಕ್ಕದ ಸಿಕಂದರಾಬಾದಿನಲ್ಲಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಅಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು. ಈ ಸೊಳ್ಳೆ ರಾತ್ರಿ ಕಚ್ಚುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಹೀಗಾಗಿ ರಾತ್ರಿ ಸೊಳ್ಳೆಪರದೆಯೂ, ಹಗಲು ಮೈಮುಚ್ಚುವ ಉಡುಪು ಹಾಗೂ ನಿವಾರಕ ಲೇಪವೂ ಅಗತ್ಯ.

ಪ್ರವಾಸದಿಂದ ಮರಳಿದ ಒಂದು ತಿಂಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಸಂಗತಿ, ಯಾವ ಊರಿಗೆ ಹೋಗಿದ್ದು, ಯಾವಾಗ ಮರಳಿದ್ದು ಎಂಬುದು. ದೆಹಲಿಯ ಅಥವಾ ಪುಣೆಯ ವೈದ್ಯರಿಗೆ ತಮ್ಮೆದುರಿನ ರೋಗಿ ಹತ್ತು ದಿನಗಳ ಹಿಂದೆ ಸಾಗರದ ಕಾಡಂಚಿನಲ್ಲಿದ್ದರೆಂಬುದು ತಾನಾಗಿ ತಿಳಿಯುವುದಿಲ್ಲ. ಆ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ ಅಂದೇ ನಡೆಯಬಹುದು. ಮಲೇರಿಯಾದ ಘೋರ ರೂಪದಲ್ಲಿ ಒಂದೆರಡು ದಿನಗಳ ವಿಳಂಬವೂ ಪ್ರಾಣಾಂತಿಕವಾಗಬಲ್ಲದು. ಇದರ ಪರೀಕ್ಷೆ ಮತ್ತು ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ವೈದ್ಯರನ್ನು ಕಾಣುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳನ್ನು ನುಂಗಬಾರದು. ಡೆಂಗಿಯಿದ್ದರೆ ಅವು ರಕ್ತಸ್ರಾವಕ್ಕೆ ಕಾರಣವಾಗಬಹುದು. ಡೆಂಗಿಯಲ್ಲಿ ಜ್ವರ ಇಳಿದ ದಿನಗಳೇ ಹೆಚ್ಚು ಅಪಾಯದವು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗುಗಳಿಂದ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಇಲ್ಲಿ ಹೇಳಿದ ಕ್ರಮಗಳಲ್ಲಿ ಬಹುತೇಕ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಕುದಿಸಿದ ನೀರು, ಒಂದು ತುಂಡು ಸಾಬೂನು, ನಾಲ್ಕಾರು ಓ.ಆರ್.ಎಸ್. ಪೊಟ್ಟಣ, ವೈದ್ಯರ ಚೀಟಿಯ ಒಂದು ಪ್ರತಿ ಇವು ಎಲ್ಲ ಕುಟುಂಬಗಳಿಗೂ ಎಟಕುವಂಥವು. ಟಿಕೆಟು ಕಾದಿರಿಸಿದ ದಿನವೇ ಇವುಗಳ ಪಟ್ಟಿಯನ್ನೂ ಬರೆದಿಟ್ಟುಕೊಂಡರೆ ಹೊರಡುವ ಗಡಿಬಿಡಿಯಲ್ಲಿ ಯಾವುದೂ ಮರೆತುಹೋಗುವುದಿಲ್ಲ.